ಅಕ್ಕನ ಮುಖ ಹುಡುಕಿಕೊಂಡು ಇಟಲಿಗೆ

ಮೂಡಿಗೆರೆ

ವಿದೇಶಕ್ಕೆ ಹೋಗಿ ಬಂದವರೆಲ್ಲ ವಿಮಾನದಿಂದ ಕಥೆ ಶುರು ಮಾಡುತ್ತಾರೆ. ನನ್ನದು ಶುರುವಾದದ್ದು ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿರುವ ಫೋಟೋ ಸ್ಟುಡಿಯೋದ ಸ್ಟೂಲಿನ ಮೇಲೆ. ಪಾಸ್‌ಪೋರ್ಟಿಗೆ ಫೋಟೋ ಬೇಕಿತ್ತು. "ನಗ್ಬೇಡಿ ಗಿರಿಜಮ್ಮ. ಗದ್ದ ಸ್ವಲ್ಪ ಮೇಲೆ. ಎರಡೂ ಕಿವಿ ಕಾಣ್ಬೇಕು," ಎನ್ನುತ್ತಾ ಸ್ಟುಡಿಯೋದವನು ನನ್ನ ತಲೆಯನ್ನು ಕುಂಬಳಕಾಯಿಯ ಹಾಗೆ ಹಿಡಿದು ತಿರುಗಿಸಿದ. ನನಗೆ ನಗು ಬರುವ ಹಾಗೇ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇವನ ಅಪ್ಪ ಇದೇ ಜಾಗದಲ್ಲಿ ನನ್ನನ್ನು ಕೂರಿಸಿ ಹೀಗೇ ತಲೆ ತಿರುಗಿಸಿದ್ದರು. ಆಗ ನನಗೆ ಹದಿನೇಳು. ಆವತ್ತು ನಾನು ಗಿರಿಜೆಯಾಗಿ ಕೂತಿರಲಿಲ್ಲ, ಸತ್ತುಹೋದ ನನ್ನ ಸಾವಿತ್ರಕ್ಕನಾಗಿ ಕೂತಿದ್ದೆ.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಹೆತ್ತು ಒಂಬತ್ತನೇ ದಿನ ಜ್ವರದಲ್ಲಿ ಹೋಗಿಬಿಟ್ಟಳು. ತಿಥಿಗೆ ಇಡೋಣವೆಂದರೆ ಅವಳದೊಂದು ಫೋಟೋ ಇಲ್ಲ. ನಮ್ಮಜ್ಜಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅಕ್ಕನ ಮದುವೆಗೆ ಬಂದಿದ್ದ ಫೋಟೋದವರಿಗೆ ಊಟ ಹಾಕಿಸಿ, ಕ್ಯಾಮೆರಾ ಚೀಲ ಬಿಚ್ಚುವುದಕ್ಕೆ ಬಿಡದೆ ವಾಪಸ್ ಕಳಿಸಿದ್ದರು.

ಅಪ್ಪಯ್ಯ ಸ್ಟುಡಿಯೋಕ್ಕೆ ಹೋಗಿ ಕೈಕಟ್ಟಿ ನಿಂತಾಗ ಸ್ಟುಡಿಯೋದವರು ಕೇಳಿದ್ದು ಒಂದೇ ಮಾತು. "ಮುಖದಲ್ಲಿ ಹೋಲೋರು ಮನೇಲಿ ಯಾರಾದ್ರೂ ಇದಾರಾ ಗೌಡ್ರೆ?"

ಆಗ ನಮ್ಮ ಕಡೆ ಇದು ಹೊಸದಲ್ಲ. ಅಣ್ಣನ ಮುಖದಿಂದ ತಮ್ಮನನ್ನು ಮಾಡುತ್ತಿದ್ದರು, ಮಗಳ ಮುಖಕ್ಕೆ ಸುಕ್ಕು ಬರೆದು ತಾಯಿಯನ್ನು ಮಾಡುತ್ತಿದ್ದರು. ಹೆಣದ ಫೋಟೋ ತೆಗೆದು ಅದರ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯುತ್ತಿದ್ದರು. ನನಗೆ ಅಕ್ಕನ ಧಾರೆ ಸೀರೆ ಉಡಿಸಿದರು, ಅವಳ ಅವಲಕ್ಕಿ ಸರ ಹಾಕಿದರು. ಕೊನೆಗೆ ಅಕ್ಕನಿಗಿದ್ದ ಮಚ್ಚೆಯನ್ನು ಪೆನ್ಸಿಲಿನಲ್ಲಿ ತಿದ್ದಬೇಕಿತ್ತು. ಅಪ್ಪಯ್ಯ ಎಡಗೆನ್ನೆ ಎಂದರು, ನಾನು ಬಲಗೆನ್ನೆ ಎಂದೆ. ಅಪ್ಪಯ್ಯನ ಮಾತು ನಡೆಯಿತು.

ಆ ಫೋಟೋಕ್ಕೆ ಗಂಧದ ಹಾರ ಬಿತ್ತು. ಅಕ್ಕನ ಗಂಡ ಬೇರೆ ಮದುವೆಯಾಗಿ ಕಳಸದ ಕಡೆ ಹೋದರು, ಮುಂದೆ ಅವರೂ ತೀರಿಕೊಂಡರು. ಮಗುವನ್ನು ನಾನೇ ಸಾಕಿದೆ. ನನ್ನ ಮದುವೆಯಾದಾಗ ಮಗುವೂ ಫೋಟೋವೂ ನನ್ನ ಜೊತೆಗೇ ಬಂದವು. ಮಂಜುಳಾ ಎಂದು ಹೆಸರು, ನಮಗೆ ಮಂಜು. ಮಾತು ಕಲಿತಾಗ ಗೋಡೆಗೆ ಬೆರಳು ತೋರಿಸಿ "ಅಮ್ಮ" ಎಂದಳು. ಪಕ್ಕದಲ್ಲೇ ನಿಂತಿದ್ದ ನನಗೆ "ಚಿಕ್ಕಮ್ಮ" ಎಂದಳು. ಅದು ನಾನೇ ಕಣೇ ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ. ದೊಡ್ಡವಳಾಗಲಿ ಎಂದುಕೊಂಡೆ. ದೊಡ್ಡವಳಾದಳು, ಓದಿದಳು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದಳು, ಮದುವೆಯೂ ಆಯಿತು. ನಾನು ಹೇಳಲೇ ಇಲ್ಲ.

ಹೀಗಿರುವಾಗ ಒಂದು ಕಾಗದ ಬಂತು. ಅಕ್ಕನ ಹೆರಿಗೆ ಮಾಡಿಸಿದ್ದ ಇಟಲಿಯ ಸಿಸ್ಟರ್ ಪಿಯಾ ವಯಸ್ಸಾಗಿ ತಮ್ಮೂರಿಗೆ ಹೋಗಿದ್ದರು. ಆ ಕಾಲದಲ್ಲಿ ಅವರು ತೆಗೆದಿದ್ದ ಬಾಣಂತಿಯರ ಫೋಟೋಗಳು ಒಂದು ಪೆಟ್ಟಿಗೆ ತುಂಬ ಉಳಿದಿದ್ದವಂತೆ, ಅವನ್ನು ಅವರವರ ಮನೆಗೆ ಮುಟ್ಟಿಸುವ ಆಸೆಯಂತೆ. ಆಸ್ಪತ್ರೆಯವರು ಹಳೇ ರಿಜಿಸ್ಟರು ನೋಡಿ ಸಿಕ್ಕ ವಿಳಾಸಗಳಿಗೆಲ್ಲ ಬರೆದಿದ್ದರು. ಮಂಜು ಅವತ್ತೇ ಇಟಲಿಗೆ ಉತ್ತರ ಹಾಕಿದಳು, ಅಮ್ಮನ ಫೋಟೋ ಕಳಿಸಿ ಎಂದು. ಎರಡು ತಿಂಗಳಿಗೆ ಮರುಟಪಾಲು ಬಂತು. "ಫೋಟೋಗಳಿಗೆ ಹೆಸರಿಲ್ಲ ಮಗು. ಯಾರು ಯಾರೆಂದು ನನಗೆ ಮರೆತಿದೆ. ಮುಖ ಗೊತ್ತಿರುವವರು ಬಂದು ಹುಡುಕಿಕೊಳ್ಳಬೇಕು."

ಮುಖ ಗೊತ್ತಿರುವವಳು ಎಂದರೆ ಉಳಿದಿದ್ದವಳು ನಾನೊಬ್ಬಳೇ.

ಅಕ್ಕನದೂ ಅಂಥ ಒಂದು ಫೋಟೋ ತೆಗೆದಿದ್ದು ನನಗೆ ಗೊತ್ತಿತ್ತು. ಅಜ್ಜಿ ಬಂದುಬಿಟ್ಟರೆ ಎಂದು ವಾರ್ಡಿನ ಬಾಗಿಲಲ್ಲಿ ಕಾವಲು ನಿಂತವಳೇ ನಾನು. ಫೋಟೋ ತೆಗೆದ ನಾಲ್ಕು ದಿನಕ್ಕೆ ಅಕ್ಕ ಹೋದಳು. ಅಜ್ಜಿ ಹೇಳಿದ್ದೇ ನಿಜವಾಯಿತೇನೋ ಎಂದು ಹೆದರಿ ಆ ಫೋಟೋದ ಸುದ್ದಿಯನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದೆ.

ಅವು ಕಾಫಿಗೆ ಒಳ್ಳೆ ರೇಟು ಬಂದಿದ್ದ ವರ್ಷಗಳು, ತೊಂಬತ್ತೆಂಟು ಇರಬೇಕು. ನಮ್ಮ ತಾಲ್ಲೂಕಿನ ಬೆಳೆಗಾರರು ಹದಿನಾಲ್ಕು ಜನ ಗುಂಪು ಮಾಡಿಕೊಂಡು, ಇಟಲಿಯವರು ಕಾಫಿ ಹುರಿಯುವುದನ್ನು ನೋಡಲು ಹೊರಟಿದ್ದರು. ಅದರಲ್ಲಿ ನಮ್ಮನೆಯವರದೂ ನನ್ನದೂ ಹೆಸರಿತ್ತು. ಅವರೇ ಹೇಳಿದರು. "ನಂಗೆ ಅಲ್ಲಿ ಅನ್ನ ಸಿಗಲ್ಲ, ನಿದ್ದೆ ಬರಲ್ಲ. ನನ್ನ ಬದ್ಲಿಗೆ ಮಂಜು ಹೋಗ್ಲಿ. ಹೋಗಿ ನಿಮ್ಮಕ್ಕನ್ನ ಕರ್ಕೊಂಡು ಬನ್ನಿ."

ಮಂಜು ಕುಣಿದಾಡಿದಳು. ನಾನು ಆ ರಾತ್ರಿಯಿಂದ ಕಣ್ಣು ಮುಚ್ಚಿ ಅಕ್ಕನ ಮುಖ ನೆನಪು ಮಾಡಿಕೊಳ್ಳಲು ಕೂತೆ. ಎಷ್ಟು ಸಲ ನೆನೆದರೂ ನನ್ನದೇ ಹದಿನೇಳರ ಮುಖ, ಎಡಗೆನ್ನೆಯ ಮೇಲೆ ಪೆನ್ಸಿಲಿನ ಮಚ್ಚೆ. ನನ್ನ ಅಕ್ಕ ನನಗೆ ಮರೆತುಹೋಗಿದ್ದಳು. ಇದನ್ನು ಯಾರಿಗೆ ಹೇಳುವುದು?

ಮಿಲಾನೊ

ಇಟಲಿಯವರು ಕಾಫಿಯನ್ನು ನಿಂತುಕೊಂಡು ಕುಡಿಯುತ್ತಾರೆ. ಬೊಂಬೆಯಾಟದ ಕಪ್ಪು, ಅದರ ತಳದಲ್ಲಿ ಒಂದು ಗುಟುಕು ಡಿಕಾಕ್ಷನ್ನು. ಅದನ್ನು ಗಂಟಲಿಗೆ ಎಸೆದುಕೊಂಡು ಹೊರಟುಬಿಡುತ್ತಾರೆ. ನಮ್ಮ ಗುಂಪಿನ ಮುಂದಾಳು ಸಹದೇವಣ್ಣ ಊಟವಾದ ಮೇಲೆ ಹಾಲಿನ ಕಾಫಿ ಬೇಕೆಂದು ಕೈಸನ್ನೆ ಮಾಡಿದರು. ಹೋಟೆಲಿನವನು ಇವರಿಗೆ ಹುಷಾರಿಲ್ಲವೇನೋ ಎಂಬಂತೆ ನೋಡಿದ. ಹಾಲು ಹಾಕಿದ್ದು ಬೆಳಿಗ್ಗೆ ಮಾತ್ರವಂತೆ. "ಬೆಳ್ದಿದ್ದು ನಾವು, ಯಾವಾಗ ಕುಡೀಬೇಕು ಅಂತ ಹೇಳೋಕೆ ಇವ್ನ್ಯಾರು ಮಾರಾಯ್ರೆ!" ಎಂದು ಸಹದೇವಣ್ಣ ದಿನವಿಡೀ ಗೊಣಗಿದರು. ಅನ್ನ ಸಿಕ್ಕಿತು, ಆದರೆ ಬೆಂದಿರಲಿಲ್ಲ. ಅದು ಹಾಗೇ ಇರಬೇಕಂತೆ.

ನನ್ನ ಮಾನ ಹೋದದ್ದು ನಾವು ಇಳಿದುಕೊಂಡ ಮನೆಯಲ್ಲಿ. ಗಂಡ ಹೆಂಡತಿ ನಡೆಸುವ ಸಣ್ಣ ವಸತಿ ಅದು. ಹೆಂಡತಿಯೇ ಎದುರುಗೊಂಡು ರೂಮು ತೋರಿಸಿದಳು, ಗಂಡ ಕಾಣಲಿಲ್ಲ. ಊಟದ ಕೋಣೆಯ ಗೋಡೆಯಲ್ಲಿ ಮೀಸೆ ಹೊತ್ತ ಒಬ್ಬ ಗಂಡಸಿನ ದೊಡ್ಡ ಫೋಟೋ, ಒಳ್ಳೆಯ ಚೌಕಟ್ಟು. ಅದರ ಕೆಳಗೆ ಸಣ್ಣ ಮೇಜು, ಹೂದಾನಿಯಲ್ಲಿ ಆಗಷ್ಟೇ ಇಟ್ಟ ಬಿಳಿ ಹೂವು, ಪಕ್ಕದಲ್ಲಿ ಒಂದು ಪುಟ್ಟ ದೀಪ. ನಮ್ಮ ಕಡೆಯ ಯಾರೇ ಆದರೂ ಇದನ್ನು ನೋಡಿ ಬೇರೇನು ತಿಳಿಯಲು ಸಾಧ್ಯ? ಪಾಪ, ಇಷ್ಟು ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ನಾಲ್ಕು ಜನರಿಗೆ ಅಡುಗೆ ಮಾಡಿ ಹಾಕಿ ಬದುಕುತ್ತಿದ್ದಾಳಲ್ಲ ಎಂದುಕೊಂಡೆ. ಹೋಗಿ ಅವಳ ಎರಡೂ ಕೈ ಹಿಡಿದುಕೊಂಡೆ. "ಮಂಜು, ಹೇಳೇ ಇವಳಿಗೆ. ಧೈರ್ಯ ತಂದ್ಕೋ ತಾಯಿ ಅನ್ನು. ದೇವ್ರಿಟ್ಟಂಗಾಗತ್ತೆ ಅನ್ನು," ಎಂದೆ. ನನ್ನ ಕಣ್ಣಲ್ಲಿ ನೀರು. ಮಂಜು ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ಏನೂ ತಿಳಿಯದೆ ನನ್ನ ಬೆನ್ನು ಸವರುತ್ತಾ ನನ್ನನ್ನೇ ಸಮಾಧಾನ ಮಾಡತೊಡಗಿದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತಳ್ಳಿಕೊಂಡು, ಕೈಯಲ್ಲಿ ಬ್ರೆಡ್ಡಿನ ಬುಟ್ಟಿ ಹಿಡಿದು, ಅದೇ ಮೀಸೆ ಹೊತ್ತು ಫೋಟೋದ ಮಹಾರಾಯನೇ ಬಂದುಬಿಟ್ಟ.

"ಗಿರಿಜಕ್ಕ, ಬದುಕಿರೋ ಮನುಷ್ಯಂಗೆ ತಿಥಿ ಮಾಡ್ಬಿಟ್ರಲ್ಲ!" ಎಂದು ಸಹದೇವಣ್ಣ ಮೇಜು ಬಡಿದು ನಕ್ಕರು. ಗುಂಪಿನವರೆಲ್ಲ ನಕ್ಕರು, ಮನೆಯವರೂ ನಕ್ಕರು, ವಿಷಯ ತಿಳಿದ ಮೇಲೆ ಆ ಗಂಡ ಫೋಟೋದ ಕೆಳಗೆ ಕಣ್ಣುಮುಚ್ಚಿ ನಿಂತು ಹೆಣದ ಹಾಗೆ ನಟಿಸಿದ. ಅವನು ಯಾವುದೋ ಸೈಕಲ್ ಪಂದ್ಯ ಗೆದ್ದಾಗ ತೆಗೆಸಿದ ಫೋಟೋವಂತೆ, ಹೂವು ಬರೀ ಚೆಂದಕ್ಕಂತೆ. ನಾನೂ ನಕ್ಕೆ. ರೂಮಿಗೆ ಬಂದ ಮೇಲೆ ಮಂಜು ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಉರುಳಾಡುತ್ತಿದ್ದಳು, ನನಗೆ ಮಾತ್ರ ನಗು ನಿಂತುಹೋಗಿತ್ತು. ನಮ್ಮ ಮನೆಯಲ್ಲಿ ನಾನು ದಿನಾ ಬೆಳಿಗ್ಗೆ ನನ್ನದೇ ಫೋಟೋದ ಧೂಳು ಒರೆಸಿ ಊದುಬತ್ತಿ ಹಚ್ಚುತ್ತಿದ್ದೆನಲ್ಲ.

ಬೆರ್ಗಾಮೊ

ಗುಂಪಿನವರನ್ನು ಕಾಫಿ ಹುರಿಯುವ ಕಾರ್ಖಾನೆಗೆ ಬಿಟ್ಟು ನಾವಿಬ್ಬರೇ ರೈಲು ಹತ್ತಿದೆವು. ಸಿಸ್ಟರ್ ಇದ್ದ ಊರಿಗೆ ಬೆರ್ಗಾಮೊದಿಂದ ಬಸ್ಸು, ಬಸ್ಸು ಮಧ್ಯಾಹ್ನಕ್ಕೆ. ಬೆಳಿಗ್ಗೆ ಹೊತ್ತು ಕಳೆಯಲು ಅಲ್ಲಿನ ಚಿತ್ರಶಾಲೆಗೆ ಹೋದೆವು. ಹಳೇ ಕಾಲದ ಜನರ ಮುಖಗಳೇ ಮುಖಗಳು. ಗಡ್ಡದವರು, ಕೊಕ್ಕೆ ಮೂಗಿನವರು, ಕೊರಳು ತುಂಬ ಮುತ್ತು ಹೇರಿಕೊಂಡ ಹೆಂಗಸರು. ಕಾಯುವುದಕ್ಕೆ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕಿಯೊಬ್ಬಳಿಗೆ ಇಂಗ್ಲಿಷು ಬರುತ್ತಿತ್ತು. ಸೀರೆ ಉಟ್ಟವರನ್ನು ಕಂಡ ಸಂತೋಷಕ್ಕೆ ಎದ್ದು ಬಂದು ಒಂದೊಂದನ್ನೂ ವಿವರಿಸಿದಳು, ಮಂಜು ನನಗೆ ಕನ್ನಡದಲ್ಲಿ ಹೇಳಿದಳು.

ಮೊದಮೊದಲು ಮನುಷ್ಯರಿಗೆ ತಮ್ಮದೇ ಚಿತ್ರ ಬರೆಸಿಕೊಳ್ಳುವ ಧೈರ್ಯ ಇರಲಿಲ್ಲವಂತೆ. ದೇವರ ಚಿತ್ರ ಬರೆಸಿ, ಒಂದು ಮೂಲೆಯಲ್ಲಿ ಮಂಡಿಯೂರಿದ ಹಾಗೆ ತಮ್ಮನ್ನೂ ಸಣ್ಣಗೆ ಬರೆಸಿಕೊಳ್ಳುತ್ತಿದ್ದರಂತೆ. ದೇವಸ್ಥಾನದ ಕಲ್ಲಿನ ಮೇಲೆ ಕಟ್ಟಿಸಿಕೊಟ್ಟವರ ಹೆಸರು ಕೆತ್ತಿಸುತ್ತಾರಲ್ಲ, ಹಾಗೆ. ಕಾಲ ಕಳೆದಂತೆ ಮೂಲೆಯವರು ನಡುವಿಗೆ ಬಂದರು, ದೇವರು ಚಿತ್ರದಿಂದಲೇ ಹೊರಟುಹೋದ. ಆಮೇಲೆ ಹೆಣ್ಣಿನ ಚಿತ್ರ ಬರೆಸಿ ಗಂಡಿನ ಮನೆಗೆ ಕಳಿಸುವ ಪದ್ಧತಿ ಬಂತಂತೆ. "ಬ್ರೋಕರ್ ಚೀಲದಲ್ಲಿರೋ ಫೋಟೋ ಇದ್ದಂಗೆ," ಎಂದೆ. ಮಂಜುವಿನ ಮದುವೆಗೆ ಮುಂಚೆ ಕೈಯಲ್ಲಿ ಪ್ಲಾಸ್ಟಿಕ್ ಹೂವು ಕೊಟ್ಟು ನೀಲಿ ಪರದೆಯ ಮುಂದೆ ನಿಲ್ಲಿಸಿ ತೆಗೆಸಿದ್ದೆವು, ಆ ಫೋಟೋದಲ್ಲಿ ಅವಳಿಗಿಂತ ಹೂವೇ ಲಕ್ಷಣವಾಗಿತ್ತು. ಈಗ ವೋಟಿನ ಕಾರ್ಡಿಗೆ ಸರ್ಕಾರದವರೇ ಸ್ಕೂಲಿಗೆ ಕರೆದು ಸಾಲಾಗಿ ಕೂರಿಸಿ ತೆಗೆಯುತ್ತಾರೆ. ನಮ್ಮ ತೋಟದ ಆಳು ದ್ಯಾವಮ್ಮ ಆ ಕಾರ್ಡನ್ನು ದೇವರ ಗೂಡಿನಲ್ಲಿಟ್ಟಿದ್ದಾಳೆ. ಅರವತ್ತು ವರ್ಷದಲ್ಲಿ ಅವಳ ಮುಖ ಅವಳಿಗೆ ಸಿಕ್ಕಿದ್ದು ಅದೊಂದರಲ್ಲೇ.

ಮುದುಕಿ ಕೊನೆಗೆ ಒಬ್ಬ ಹಸಿರು ಉಡುಪಿನ ಹೆಂಗಸಿನ ಮುಂದೆ ನಿಂತಳು. ಇವಳು ಬಾಣಂತಿಯಾಗಿ ಸತ್ತಳಂತೆ. ಚಿತ್ರಗಾರ ಅವಳನ್ನು ನೋಡಿಯೇ ಇರಲಿಲ್ಲ, ಅವಳ ತಂಗಿಯನ್ನು ಕೂರಿಸಿಕೊಂಡು ಬರೆದ ಎಂದು ಮನೆತನದವರು ಹೇಳುತ್ತಾರಂತೆ.

ನನ್ನ ಕೈ ತಾನಾಗಿ ಎಡಗೆನ್ನೆಗೆ ಹೋಯಿತು.

"ಅಯ್ಯೋ ಪಾಪ ಆ ತಂಗಿ," ಎಂದು ಮಂಜು ಚಿತ್ರಕ್ಕೆ ಇನ್ನೂ ಹತ್ತಿರ ಹೋದಳು. "ಹಾಗಾದ್ರೆ ಇದು ಅವಳೂ ಅಲ್ಲ, ಇವಳೂ ಅಲ್ಲ. ಅಲ್ವಾ ಚಿಕ್ಕಮ್ಮ?"

ಹೇಳುವುದಾದರೆ ಅದೇ ಹೊತ್ತು. ನಾನು ಬಾಯಿ ತೆರೆದೆ. "ಬಸ್ಸಿಗೆ ಹೊತ್ತಾಯ್ತು ಮಾರಾಯ್ತಿ," ಎಂದೆ. ನನ್ನ ಹಣೆಬರಹಕ್ಕೆ ನಾನೇ ಬೈದುಕೊಂಡೆ.

ಬೆಟ್ಟದ ಮೇಲಿನ ಕಾನ್ವೆಂಟು

ಬಸ್ಸು ಘಾಟಿ ಹತ್ತಿತು. ತಿರುವುಗಳನ್ನು ನೋಡಿದರೆ ಚಾರ್ಮಾಡಿಯೇ, ಆದರೆ ಒಬ್ಬರೂ ವಾಂತಿ ಮಾಡಲಿಲ್ಲ, ಡ್ರೈವರ್ ಹಾರನ್ನೂ ಹೊಡೆಯಲಿಲ್ಲ. ಇಳಿದಲ್ಲಿಂದ ಕಾನ್ವೆಂಟಿಗೆ ಸ್ಮಶಾನದ ಮಧ್ಯೆಯೇ ದಾರಿ. ನಮ್ಮಲ್ಲಾಗಿದ್ದರೆ ನಾನು ಸುತ್ತಿಕೊಂಡು ಹೋಗುತ್ತಿದ್ದೆ. ಇಲ್ಲಿ ಹೂಗಿಡಗಳೇ ತುಂಬಿದ್ದವು, ಒಂದೊಂದು ಕಲ್ಲಿನ ಮೇಲೂ ಪಿಂಗಾಣಿಯ ಮೇಲೆ ಅಚ್ಚೊತ್ತಿದ ಪುಟ್ಟ ಫೋಟೋ. ಒಂದು ಕಲ್ಲಿನ ಮೇಲೆ ಇಪ್ಪತ್ತೈದರ ಹುಡುಗ, ಪಕ್ಕದಲ್ಲಿ ಎಂಬತ್ತರ ಅಜ್ಜಿ. ಅಜ್ಜಿ, ಮೊಮ್ಮಗ ಎಂದುಕೊಂಡೆ. ಮಂಜು ಇಸವಿಗಳನ್ನು ಓದಿ ಗಂಡ ಹೆಂಡತಿ ಎಂದಳು. ಅವನು ಯಾವುದೋ ಯುದ್ಧದಲ್ಲಿ ಹೋಗಿದ್ದ, ಅವಳು ಅವನಿಲ್ಲದೆ ಮುದುಕಿಯಾಗಿದ್ದಳು. ಆಚೆ ಒಬ್ಬ ಹೆಂಗಸು ಕರವಸ್ತ್ರಕ್ಕೆ ಉಗುಳು ಹಚ್ಚಿ ಒಂದು ಫೋಟೋದ ಕೆನ್ನೆ ಒರೆಸುತ್ತಿದ್ದಳು, ಸ್ಕೂಲಿಗೆ ಹೊರಟ ಮಗುವಿಗೆ ಒರೆಸುವ ಹಾಗೆ. ನನಗೆ ಅಳು ಬಂತು.

ಸಿಸ್ಟರ್ ಪಿಯಾ ಬಾಗಿಲಲ್ಲೇ ಕಾಯುತ್ತಿದ್ದರು. ಎಂಬತ್ತು ದಾಟಿತ್ತು, ಕುಗ್ಗಿ ನನ್ನ ಭುಜಕ್ಕೆ ಬರುತ್ತಿದ್ದರು. ನನ್ನ ಸೀರೆಯ ಸೆರಗು ಹಿಡಿದು ಮುಖ ಅರಳಿಸಿ ಕನ್ನಡದಲ್ಲಿ ಹೇಳಿದರು. "ಹೆದರಬೇಡ. ಉಸಿರು ತಕೋ. ಹೆಣ್ಣು ಮಗು!" ಮೂವತ್ತು ವರ್ಷದ ಮೇಲೆ ಅವರಲ್ಲಿ ಉಳಿದಿದ್ದ ಕನ್ನಡವೆಲ್ಲ ಹೆರಿಗೆ ಕೋಣೆಯದೇ. "ಈ ಮಗು," ಎಂದು ಮಂಜುವನ್ನು ಮುಂದೆ ತಳ್ಳಿದೆ. ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಮಂಜು ಬಗ್ಗಿ ಕಾಲು ಮುಟ್ಟಿದಳು.

ಪೆಟ್ಟಿಗೆ ತೆರೆದರು. ಮೇಜಿನ ಮೇಲೆ ನಮ್ಮೂರ ಹೆಣ್ಣುಮಕ್ಕಳು. ಹಾಸಿಗೆಯ ಮೇಲೆ ಕಾಲು ಚಾಚಿ, ಕಿವಿ ಮುಚ್ಚಿ ಬಟ್ಟೆ ಕಟ್ಟಿ, ಮಡಿಲಲ್ಲಿ ಮಗು. ಎಲ್ಲರೂ ಬಾಡಿದ ಮುಖದವರು. ನಾನು ಒಂದೊಂದನ್ನೇ ಎತ್ತಿ ನೋಡಿದೆ, ನೋಡಿ ಇಟ್ಟೆ. ಇವಳಲ್ಲ, ಇವಳೂ ಅಲ್ಲ. ಅರ್ಧ ಪೆಟ್ಟಿಗೆ ಮುಗಿಯುವ ಹೊತ್ತಿಗೆ ನೋಡಿಟ್ಟವನ್ನೇ ಮತ್ತೆ ಎತ್ತಿ ನೋಡತೊಡಗಿದೆ. ಅಕ್ಕ ಆಗಲೇ ನನ್ನ ಕೈಯಿಂದ ಹಾದುಹೋಗಿದ್ದಾಳೇನೋ, ನನಗೇ ಗುರುತು ಸಿಗಲಿಲ್ಲವೇನೋ.

"ಚಿಕ್ಕಮ್ಮ!" ಮಂಜು ಒಂದು ಫೋಟೋ ಹಿಡಿದು ನಿಂತಿದ್ದಳು. "ಇವ್ರೇ. ನೋಡಿ, ಗೋಡೆ ಮೇಲಿನ ಥರಾನೇ ಇದಾರೆ."

ಹೌದು, ಹಾಗೇ ಇದ್ದಳು. ದುಂಡು ಮುಖ, ಗಂಭೀರ ನೋಟ, ಕೆನ್ನೆಯಲ್ಲಿ ಏನೋ ಒಂದು ಕಪ್ಪು ಚುಕ್ಕೆಯೂ ಇತ್ತು. ನನ್ನನ್ನು ಹೋಲುವ ಯಾರೋ ಒಬ್ಬಳು; ಅಕ್ಕನ ಮುಖ ನೆನಪಿಗೆ ಬಾರದಿದ್ದರೂ ಇದು ಅವಳದಲ್ಲ ಎಂಬುದು ಮಾತ್ರ ಗೊತ್ತಾಯಿತು. ಹೂಂ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಮಂಜುವಿಗೆ ತಾಯಿ ಸಿಗುತ್ತಿದ್ದಳು, ನನ್ನ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು, ಸಂಜೆಗೆ ಮಿಲಾನೊ. ಮಂಜು ನನ್ನ ಬಾಯನ್ನೇ ನೋಡುತ್ತಿದ್ದಳು. ಸುಳ್ಳು ಹೇಳುತ್ತಿಲ್ಲ, ನಂಬಿ, ಆ ಹೂಂ ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಒಂದು ಸಲ ಅಕ್ಕನ ಜಾಗದಲ್ಲಿ ನಾನು ಕೂತಿದ್ದೆ. ಈಗ ಇನ್ಯಾರದೋ ಮನೆಯ ಮಗಳನ್ನು ತಂದು ಕೂರಿಸುವುದೇ? ಅವಳನ್ನು ಹುಡುಕಿಕೊಂಡು ಅವಳ ಮಗುವೂ ಬಂದರೆ?

"ಅಲ್ಲ ಮಗ," ಎಂದೆ. "ಇವಳಲ್ಲ."

ಪೆಟ್ಟಿಗೆಯ ತಳ ಕಂಡಿತು. ಅಕ್ಕ ಇರಲಿಲ್ಲ. ಮಂಜು ಕಿಟಕಿಯ ಕಡೆ ತಿರುಗಿ ನಿಂತಳು. ಸಿಸ್ಟರ್ ಒಳಗೆ ಹೋಗಿ, ದಾರ ಕಟ್ಟಿದ ಒಂದು ಕಂದು ಲಕೋಟೆ ತಂದರು. ಮಂಜುವಿಗೆ ಇಂಗ್ಲಿಷಿನಲ್ಲಿ ಹೇಳಿದರು. ಆ ಫೋಟೋಗಳನ್ನೆಲ್ಲ ಅವರು ತೆಗೆದದ್ದು ಇಲ್ಲಿನ ಒಂದು ಪತ್ರಿಕೆಗಂತೆ. ಬಡ ತಾಯಂದಿರನ್ನು ನೋಡಿ ಜನ ಆಸ್ಪತ್ರೆಗೆ ಸಹಾಯ ಮಾಡಲಿ ಎಂದು. ನನಗೆ ಕೋಪ ಬಂತು. "ನಮ್ಮಕ್ಕ ಯಾವ ಬಡವಳು? ಹತ್ತು ಎಕರೆ ತೋಟದ ಮನೆಯವಳು, ಅನ್ನು ಅವ್ರಿಗೆ," ಎಂದೆ. ಮಂಜು ಅದನ್ನು ಹೇಳಲಿಲ್ಲ. ಸಿಸ್ಟರ್ ಲಕೋಟೆಯ ದಾರ ಬಿಚ್ಚುತ್ತಿದ್ದರು. ಇದರಲ್ಲಿದ್ದವು ಪತ್ರಿಕೆಯವರು ಬೇಡವೆಂದು ವಾಪಸ್ ಕಳಿಸಿದ ಫೋಟೋಗಳಂತೆ. ಇವುಗಳಲ್ಲಿ ತಾಯಂದಿರು ನಗುತ್ತಿದ್ದಾರೆ, ನಗುವವರಿಗೆ ಯಾರು ಸಹಾಯ ಮಾಡುತ್ತಾರೆ ಎಂದು ಬರೆದಿದ್ದರಂತೆ.

ಎಂಟೋ ಹತ್ತೋ ಫೋಟೋ ಇದ್ದವು. ಮೂರನೆಯದು ಅಕ್ಕ.

ನಾನು ಕೂಗಿಕೊಂಡೆನಂತೆ, ನನಗೆ ಗೊತ್ತಿಲ್ಲ. ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿಹೋಗಿ, ಮೇಲಿನ ಒಸಡೆಲ್ಲ ಕಾಣುವ ಹಾಗೆ ನಗುತ್ತಿದ್ದಳು. ಆ ಒಸಡು ಕಾಣುತ್ತದೆ ಎಂದೇ ಅಜ್ಜಿ ಅವಳಿಗೆ ನಗಬೇಡ ಎಂದು ಗದರುತ್ತಿದ್ದದ್ದು. ನನ್ನ ಮುಖಕ್ಕೂ ಅವಳ ಮುಖಕ್ಕೂ ಏನೇನೂ ಸಂಬಂಧವಿರಲಿಲ್ಲ. ಉದ್ದ ಮುಖ, ಅಗಲ ಬಾಯಿ. ಮಚ್ಚೆ ಎಡಗೆನ್ನೆಯಲ್ಲೂ ಇರಲಿಲ್ಲ, ಬಲಗೆನ್ನೆಯಲ್ಲೂ ಇರಲಿಲ್ಲ, ಗದ್ದದ ಮೇಲಿತ್ತು. ಅಪ್ಪಯ್ಯನಿಗೂ ನನಗೂ ಅವಳು ಸತ್ತ ಹನ್ನೊಂದೇ ದಿನಕ್ಕೆ ಮರೆತುಹೋಗಿತ್ತು. ಇಷ್ಟು ವರ್ಷ ಎಲ್ಲಿ ಹೋಗಿದ್ದೆಯೇ ಅಕ್ಕ ಎಂದು ಫೋಟೋವನ್ನು ಎದೆಗೆ ಒತ್ತಿಕೊಂಡು ಗಟ್ಟಿಯಾಗಿ ಅತ್ತೆ. ಸಿಸ್ಟರ್ ನನ್ನ ಬೆನ್ನು ನೀವಿ, "ಉಸಿರು ತಕೋ, ಉಸಿರು ತಕೋ," ಎಂದರು. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಅವರದೇ ಅಕ್ಷರದಲ್ಲಿ ಮೂಡಿಗೆರೆ ಎಂದಿತ್ತು.

ಮಂಜು ಫೋಟೋವನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು. "ಇವ್ರು ನಮ್ಮಮ್ಮ. ಸರಿ. ಹಾಗಾದ್ರೆ ಮನೇಲಿರೋದು ಯಾರು?"

"ನಾನು," ಎಂದೆ. ಸ್ಟುಡಿಯೋ, ಧಾರೆ ಸೀರೆ, ಪೆನ್ಸಿಲು, ಬಾಗಿಲಲ್ಲಿ ಕಾವಲು ನಿಂತದ್ದು, ಎಲ್ಲವನ್ನೂ ಅಲ್ಲೇ ಹೇಳಿದೆ. ಅವಳು ಫೋಟೋವನ್ನು ಬ್ಯಾಗಿನಲ್ಲಿಟ್ಟು ಜಿಪ್ ಎಳೆದಳು.

ವಾಪಸ್ ರೈಲು

ರೈಲು ಹತ್ತಿದ ಮೇಲೆ ಮಂಜು ನನ್ನ ಪಕ್ಕ ಬಿಟ್ಟು ಎದುರಿನ ಸೀಟಿನಲ್ಲಿ ಕೂತಳು. ಚಿಕ್ಕಂದಿನಲ್ಲಿ ಕೋಪ ಬಂದರೆ ಮಾಡುತ್ತಿದ್ದದ್ದೂ ಅದನ್ನೇ. ಹೆತ್ತವಳನ್ನು ಹುಡುಕಿಕೊಡಲು ಹೋಗಿ ಸಾಕಿದ ನಾನು ಇವಳನ್ನು ಕಳೆದುಕೊಂಡೆ ಎಂದು ನನಗೆ ಖಚಿತವಾಯಿತು. ಹೊರಗೆ ಜೋಳದ ಹೊಲಗಳು ಓಡುತ್ತಿದ್ದವು.

"ಹೇಳ್ಬೋದಿತ್ತು ನೀವು," ಎಂದಳು ಕೊನೆಗೆ.

"ಹೇಳ್ಬೋದಿತ್ತು ಮಗ. ಧೈರ್ಯ ಸಾಕಾಗ್ಲಿಲ್ಲ."

"ಪರೀಕ್ಷೆಗೆ ಹೋಗೋ ಮುಂಚೆ ದಿನಾ ಆ ಫೋಟೋಕ್ಕೆ ಕೈ ಮುಗೀತಿದ್ದೆ. ಅಡುಗೆಮನೇಲಿದ್ದ ನಿಮಗೆ ಹೇಳ್ದಲೇ ಇದ್ದಿದ್ದೆಲ್ಲ ಅದ್ರ ಮುಂದೆ ನಿಂತು ಹೇಳ್ತಿದ್ದೆ. ನಿಮ್ಮ ಮೇಲಿನ ಚಾಡೀನೂ ಅದಕ್ಕೇ ಹೇಳ್ತಿದ್ದೆ."

"ಗೊತ್ತು. ಕೇಳಿಸ್ತಿತ್ತು."

ಅವಳು ತಿರುಗಿ ಕಿಟಕಿ ನೋಡಿದಳು. "ಪಾಸಂತೂ ಆಗ್ತಿದ್ದೆ," ಎಂದಳು. ಆಮೇಲೆ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತು, ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಊರಿಗೆ ಹೋದ ತಕ್ಷಣ ಮೊದ್ಲು ಆ ಹಾರ ಕಿತ್ತಾಕಿ. ನನಗೆ ಇರೋರು ನೀವೊಬ್ರು, ನಿಮಗೂ ಹಾರ ಹಾಕಿ ಕೂರ್ಸಿದೀರಲ್ಲ," ಎಂದು ಬೈದಳು. ಆ ಬೈಗುಳ ಕೇಳಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಬ್ಯಾಗಿನಿಂದ ಫೋಟೋ ತೆಗೆದು ಇಬ್ಬರ ನಡುವೆ ಹಿಡಿದಳು. "ಅಮ್ಮ ಯಾಕೆ ಇಷ್ಟು ನಗ್ತಿದಾರೆ?"

ಗೊತ್ತಿಲ್ಲ ಎನ್ನಲು ಹೊರಟೆ. ಫೋಟೋ ನೋಡುತ್ತಿದ್ದ ಹಾಗೆ ಆ ವಾರ್ಡಿನ ಡೆಟಾಲ್ ವಾಸನೆ ಮೂಗಿಗೆ ಬಂತು, ಬಾಗಿಲಲ್ಲಿ ನಿಂತಿದ್ದ ನನಗೆ ಒಳಗೆ ಕಂಡದ್ದೆಲ್ಲ ಒಂದೊಂದಾಗಿ ಕಂಡಿತು. "ನೀನು ಕಣೇ!" ಎಂದೆ. "ಸಿಸ್ಟರು ಫೋಟೋಕ್ಕೆ ಮುಂಚೆ ನಿನ್ನ ಮುಖ ಸರಿಯಾಗಿ ತಿರುಗ್ಸೋಕೆ ಬಗ್ಗಿದ್ರು. ನೀನು ಅವ್ರ ಬಿಳಿ ತೋಳಿನ ತುಂಬ ಉಚ್ಚೆ ಹೊಯ್ದುಬಿಟ್ಟೆ. ಅವ್ರಿಗೆ ಗಾಬರಿಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಹೆರೋವ್ರಿಗೆ ಹೇಳೋ ಒಂದು ಕನ್ನಡ ಬರ್ತಿತ್ತು, ಅದನ್ನೇ ಕೂಗಿದ್ರು. ಮುಕ್ಕು! ಮುಕ್ಕು! ಅಂತ."

ಮಂಜು ನಕ್ಕಳು. ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ, ಒಸಡೆಲ್ಲ ಕಾಣುವ ಹಾಗೆ ನಕ್ಕಳು. ಅಳುತ್ತಲೂ ಇದ್ದಳು. ಎದುರು ಸಾಲಿನ ಇಟಲಿಯವರು ಪೇಪರು ಕೆಳಗಿಳಿಸಿ ನೋಡಿದರು. ನೋಡಲಿ ಬಿಡಿ.

"ಇನ್ನೂ ಹೇಳಿ," ಎಂದಳು.

ಇಪ್ಪತ್ತೊಂಬತ್ತು ವರ್ಷ ನಾನು ಅಕ್ಕನ ಬಗ್ಗೆ ಒಂದು ಮಾತು ಆಡಿರಲಿಲ್ಲ, ಆಡಿದರೆ ಗುಟ್ಟು ಎಲ್ಲಿ ಹೊರಬೀಳುತ್ತದೋ ಎಂಬ ಭಯ. ಈಗ ಹೇಳಿದೆ. ಅವಳಿಗೆ ಕಪ್ಪೆ ಕಂಡರೆ ಜೀವ ಹೋಗುತ್ತಿತ್ತು ಎಂದೆ. ಹಾಡು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದಳು ಎಂದೆ. ನನ್ನ ಜಡೆ ಎಳೆಯುತ್ತಿದ್ದದ್ದು, ದೇವರಮನೆ ಗುಡ್ಡದಲ್ಲಿ ನನ್ನ ಜೊತೆ ಉರುಳಿ ಬಿದ್ದು ಮೊಣಕಾಲು ತರಚಿಕೊಂಡದ್ದು, ನೀನು ಹುಟ್ಟಿದ ರಾತ್ರಿ ನಿನ್ನ ಕಾಲಿನ ಬೆರಳುಗಳನ್ನು ಮೂರು ಸಲ ಎಣಿಸಿ, ಗಿರಿಜಾ ನೀನೂ ಒಂದ್ಸಲ ನೋಡೇ ಎಂದದ್ದು. ಮಿಲಾನೊ ಬಂತು, ಜನ ಇಳಿದುಹೋದರು. ಕಸ ಗುಡಿಸುವವನು ಪೊರಕೆ ಹಿಡಿದು ಬಂದು ನಮ್ಮ ಮುಂದೆ ನಿಂತ, ಏನೋ ಹೇಳಲು ಹೊರಟವನು ನಮ್ಮ ಮುಖ ನೋಡಿ ಬೇರೆ ಡಬ್ಬಿಗೆ ಹೋದ. ನಾನು ಇನ್ನೂ ಹೇಳುತ್ತಲೇ ಇದ್ದೆ.